ಗುಜರಿ ಮಾಲಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

ಮೂರನೇ ಸಲ ಜೀಪಿನ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಸಾಮಾನು) ಬಿಚ್ಚಿಟ್ಟು ಈಗ ತಾನೇ ಒಳಗೆ ಬಂದೆ. ಉಗುರಿನ ಮಸಿ ಇನ್ನೂ ಹೋಗಿಲ್ಲ. ಲೇತ್ ಅಂಗಡಿಯವರ ಮೇಲಿನ ಸಿಟ್ಟಂತೂ ಇಳಿಯುತ್ತಲೇ ಇಲ್ಲ.

ತೋಟದೊಳಗೆ ಮಾತ್ರ ಓಡಾಡುವ ಹಳೆ ಡೀಸೆಲ್ ಜೀಪು ನಮ್ಮದು. ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಏದುಸಿರು ಬಿಡುತ್ತದೆ. ಅದಕ್ಕೇ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದು ಟರ್ಬೊ ಹುಡುಕಿ ತಂದೆ. ಒಳಗೆ ತಿರುಗುವ ಷಾಫ್ಟ್ ಹಿಡಿದು ಎಳೆದು ನೋಡಿದೆ, ಹೆಚ್ಚು ಅಲ್ಲಾಟ ಇರಲಿಲ್ಲ. ರೆಕ್ಕೆ ಗೋಡೆಗೆ ಉಜ್ಜಿದ ಗುರುತೂ ಇರಲಿಲ್ಲ. ಒಳ್ಳೇ ಮಾಲು. ತೊಡಕು ಒಂದೇ: ಟರ್ಬೊದ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಬಾಯಿ) ಮೂರು ಬೋಲ್ಟಿನದು, ನನ್ನ ಹತ್ತಿರ ಇದ್ದ, ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಸಾಗಿಸುವ ಮ್ಯಾನಿಫೋಲ್ಡ್ ನಾಲ್ಕು ಬೋಲ್ಟಿನದು. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕಿತ್ತು, ಅಷ್ಟೇ.

ಎರಡು ರಾತ್ರಿ ಕೂತು ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. ಟರ್ಬೊದ ಆಯಿಲ್ ವಾಪಸ್ ಬರುವ ಬಾಯಿ ನೇರ ಕೆಳಗೆ ನೋಡುವ ಹಾಗೆ ತೂತುಗಳನ್ನು ಗುರುತು ಮಾಡಿದೆ, ಯಾಕಂದರೆ ಆ ಆಯಿಲ್ ತನ್ನ ಭಾರಕ್ಕೇ ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೆ ಇಳಿಯಬೇಕು, ಅದನ್ನು ಎಳೆಯುವ ಪಂಪು ಅಲ್ಲಿಲ್ಲ. ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದೆ: 12 ಎಂಎಂ ಪ್ಲೇಟ್, ವೆಲ್ಡಿಂಗ್ ಬೇಡ.

ಲೇತಿನವರು "ಆಯ್ತು ಸಾರ್, ನಾಳೆ ಬನ್ನಿ" ಅಂದರು. ನಾಳೆ ನಾಳೆ ಅಂತ ಒಂದು ವಾರ ಅಲೆಸಿದರು. ಕೊನೆಗೆ ಹೋದಾಗ ನೋಡ್ತೀನಿ, 6 ಎಂಎಂ ಪ್ಲೇಟು! ಅದನ್ನೂ ನನ್ನನ್ನು ಒಂದು ಮಾತು ಕೇಳದೆ ಸಾಮಾನ್ಯ ರಾಡಿನಲ್ಲಿ ಮ್ಯಾನಿಫೋಲ್ಡಿಗೇ ಅಂಟಿಸಿಬಿಟ್ಟಿದ್ದರು. ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು ಕಣ್ರೀ, ಶಾಖ ಏರುಪೇರಾದರೆ ಬಿರಿಯುತ್ತದೆ. ವೆಲ್ಡ್ ಮಾಡಲೇಬೇಕಿದ್ದರೆ ಮೊದಲು ಚೆನ್ನಾಗಿ ಕಾಯಿಸಿ, ನಿಕ್ಕಲ್ ರಾಡ್ ಹಾಕಿ, ಬೂದಿಯಲ್ಲೋ ಮರಳಲ್ಲೋ ಹೂತಿಟ್ಟು ನಿಧಾನಕ್ಕೆ ಆರಲು ಬಿಡಬೇಕು. ಅಲ್ಲಿದ್ದ ಹುಡುಗ ನನ್ನ ಕಣ್ಣೆದುರೇ ಒಂದು ಮಗ್ ತಣ್ಣೀರು ಸುರಿದ. "ಟಿಣ್" ಅಂತ ಸದ್ದು ಬಂತು. ಆ ಸದ್ದು ಕೇಳಿಯೇ ನನ್ನ ಎದೆ ಒಡೆಯಿತು. ಅವರು ಮಾತ್ರ "ಏನೂ ಆಗಲ್ಲ ಸಾರ್" ಅಂದರು.

ಆಗಿದ್ದೇನು ಅಂದರೆ, ಪ್ಲೇಟು ಶಾಖಕ್ಕೆ ಸೊಟ್ಟಗಾಗಿ ಸಂದಿಯಿಂದ ಹೊಗೆ ಬರತೊಡಗಿತು. ವಾಪಸ್ ಒಯ್ದರೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ಕಳಿಸಿದರು. ಲೋಡ್ ಬಿದ್ದಾಗ ಅಲ್ಲಿ 600-700 ಡಿಗ್ರಿ ಶಾಖ ಇರುತ್ತದೆ, ಪೇಸ್ಟ್ ತಡೆಯುವುದು 300ರ ಆಸುಪಾಸು. ಎಷ್ಟು ದಿನ ನಿಲ್ಲುತ್ತದೆ ಹೇಳಿ? ಆಮೇಲೆ ನೀಲಿ ಹೊಗೆ. ತೂತುಗಳನ್ನು ಓರೆಯಾಗಿ ಕೊರೆದಿದ್ದರಿಂದ ಟರ್ಬೊ ವಾಲಿ ಕೂತಿತ್ತು, ಆಯಿಲ್ ಇಳಿಯದೆ ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತಿತ್ತು.

ಇವತ್ತು ಬಿಚ್ಚಿದಾಗ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು, ಬೋಲ್ಟಿನ ತೂತಿನಿಂದ ಒಳಬಾಯಿಯ ಅಂಚಿನವರೆಗೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಟರ್ಬೊಗೆ ಆಯಿಲ್ ಬರುವ ಸಣ್ಣ ತೂತಿನಲ್ಲಿ ಅದೇ ಪೇಸ್ಟಿನ ಒಂದು ಚೂರು, ಅಕ್ಕಿಕಾಳಿನ ಗಾತ್ರದ್ದು, ಸಿಕ್ಕಿಕೊಂಡಿತ್ತು. ನಿಮಿಷಕ್ಕೆ ಲಕ್ಷ ಸುತ್ತಿಗೂ ಜಾಸ್ತಿ ತಿರುಗುವ ಷಾಫ್ಟ್, ತೆಳ್ಳನೆ ಆಯಿಲ್ ಪದರದ ಮೇಲೆ ತೇಲಿಕೊಂಡು ತಿರುಗುವಂಥದ್ದು. ಆಯಿಲ್ಲೇ ಸಿಗದಿದ್ದರೆ ಅದು ಉಳಿಯುತ್ತಾ? ಈಗ ಕೈಯಲ್ಲಿ ಹಿಡಿದರೆ ಕಟಕಟ ಅಂತ ಅಲ್ಲಾಡುತ್ತದೆ.

ಫೋನ್ ಮಾಡಿದರೆ ಬಂದ ಉತ್ತರ: "ಗುಜರಿ ಮಾಲು ಸಾರ್, ಅದು ಹಂಗೇ."

ಹಂಗೇ ಇರಲಿಲ್ಲ ಸ್ವಾಮಿ! ನಿಮ್ಮ ಕೈಗೆ ಕೊಡುವಾಗ ಅದು ಚೆನ್ನಾಗೇ ಇತ್ತು. 12 ಎಂಎಂ ಪ್ಲೇಟ್ ಸಿಗದಿದ್ದರೆ ಸಿಗಲಿಲ್ಲ ಅನ್ನಬಹುದಿತ್ತಲ್ವಾ? ಆಗಲ್ಲ ಅಂದಿದ್ದರೆ ಬೇರೆ ಕಡೆ ಹೋಗುತ್ತಿದ್ದೆ. ಸುಮ್ನೆ ಆಯ್ತು ಆಯ್ತು ಅಂತ ತಲೆಯಾಡಿಸಿ, ಕೂಲಿ ಪೂರ್ತಿ ತಗೊಂಡು, ಇದ್ದ ಎರಡು ಒಳ್ಳೇ ಸಾಮಾನನ್ನೂ ಹಾಳು ಮಾಡಿದರು.

ನನ್ನ ರಟ್ಟಿನ ಅಚ್ಚು ಅವರ ಬೆಂಚಿನ ಮೇಲೇ ಇತ್ತು. ಅದರ ಮೇಲೆ ಟೀ ಲೋಟ ಇಟ್ಟ ಗುಂಡನೆ ಕಲೆ, ಕಲೆಯ ನಡುವೆ ನನ್ನ ಕೆಂಪು ಅಕ್ಷರದ 12. ಅದನ್ನು ಎತ್ತಿಕೊಂಡು ಬಂದಿದ್ದೇನೆ. ನಾಳೆ ಅದನ್ನೂ ಒಡೆದ ಮ್ಯಾನಿಫೋಲ್ಡನ್ನೂ ಅವರ ಮುಂದಿಟ್ಟು ದುಡ್ಡು ವಾಪಸ್ ಕೇಳುತ್ತೇನೆ.