ಬ್ರೇಕ್ ಇನ್ಸ್‌ಪೆಕ್ಟರ್ ಮುಟ್ಟದ ಬ್ರೇಕು

ಮೋಟಾರು ವಾಹನ ನಿರೀಕ್ಷಕರು ಅಂದರೆ ನಮ್ಮ ಉಡುಪಿ ಕಡೆ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ಬ್ರೇಕ್ ಇನ್ಸ್‌ಪೆಕ್ಟರ್ ಅನ್ನಿ, ಕೂಡಲೇ ಗೊತ್ತಾಗುತ್ತದೆ. ಆ ಹೆಸರಿಟ್ಟ ಹಿರಿಯರು ಬಹಳ ಆಶಾವಾದಿಗಳಿರಬೇಕು. ವಯಸ್ಸಾದ ಬೈಕನ್ನು ಆರ್‌ಸಿ, ಅಂದರೆ ನೋಂದಣಿ ಪತ್ರದ, ನವೀಕರಣಕ್ಕೆ ತಂದು ನಿಲ್ಲಿಸಿದರೆ ಚಾಸಿಸ್ ನಂಬರ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕನ್ನಡಿ ಎಣಿಸುತ್ತಾರೆ, ಹಾರ್ನ್ ಒತ್ತಿಸುತ್ತಾರೆ. ಬ್ರೇಕು? ಗಾಡಿ ಇಲ್ಲಿಗೆ ಬಂದು ನಿಂತಿದೆಯಲ್ಲ ಮಾರಾಯ್ರೆ, ಇನ್ನೆಂತ ಸಾಕ್ಷಿ ಬೇಕು.

ಹೊಸ ಬೈಕನ್ನು ಮೊದಲ 15 ವರ್ಷ ಯಾರೂ ಇಣುಕಿಯೂ ನೋಡುವುದಿಲ್ಲ. ಮಲ್ಪೆಯ ಉಪ್ಪುಗಾಳಿ, ಮೀನಿನ ಲಾರಿ ದಾರಿಯುದ್ದಕ್ಕೂ ಸುರಿಸುವ ಐಸ್‌ನೀರು, ಹದಿನೈದು ಮಳೆಗಾಲ ಎಲ್ಲ ಸೇರಿ ತಿನ್ನುವಷ್ಟು ತಿಂದ ಮೇಲೆ ಸರಕಾರಕ್ಕೆ ಅದರ ಆರೋಗ್ಯ ನೆನಪಾಗುತ್ತದೆ. ಐದು ನಿಮಿಷ ನೋಡಿ ಐದು ವರ್ಷಕ್ಕೆ ಸರ್ಟಿಫಿಕೇಟು. 300 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯಿತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದರು. ಶುಲ್ಕ ಏರಿತು, ನೋಡುವ ನಿಮಿಷ ಏರಲಿಲ್ಲ. ಮೇಲೆ ಹಸಿರು ತೆರಿಗೆ ಬೇರೆ. ಅದನ್ನು ಕಟ್ಟಿದ ಗಾಡಿಯ ಹೊಗೆ ಹಸಿರಾಗುತ್ತದೋ ಏನೋ.

ತಯಾರಿ ಶುರುವಾಗುವುದು ಸ್ಪ್ಯಾನರಿನಿಂದ ಅಂದುಕೊಂಡರೆ ತಪ್ಪು. ಮೊದಲು ಆರ್‌ಸಿ ಬಿಡಿಸಿ ಓದಿ. ಬಣ್ಣ ಕಪ್ಪು ಎಂದು ಬರೆದಿದ್ದು ಗಾಡಿಗೆ ಕೆಂಪು ಬಳಿದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಕೊಟ್ಟ ಮೊಬೈಲ್ ನಂಬರ್ ಸತ್ತಿದ್ದರೆ ಒಟಿಪಿ ಸ್ವರ್ಗಕ್ಕೆ ಹೋಗುತ್ತದೆ. ಸಾಲದ ನಮೂದು ಇನ್ನೂ ಉಳಿದಿದೆಯೇ ನೋಡಿ, ಕರಾವಳಿಯಲ್ಲಿ ನಿಜವಾದ ಮಂಡೆಬೆಚ್ಚ ಇದೇ. 2004ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಅಥವಾ ವಿಜಯಾ ಬ್ಯಾಂಕಿನ ಸಾಲದಲ್ಲಿ ತಂದ ಹೀರೋ ಹೋಂಡಾ ಎಂದಿಟ್ಟುಕೊಳ್ಳಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ತಾರೀಖಿಗೆ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್‌ನೊಳಗೆ. ಹೀರೋ ಹೋಂಡಾ 2011ರಲ್ಲೇ ಹೀರೋ ಮೋಟೊಕಾರ್ಪ್ ಆಗಿದೆ. ಸಾಲ ಕೊಟ್ಟ ಬ್ಯಾಂಕಿಲ್ಲ, ಗಾಡಿ ಮಾಡಿದ ಕಂಪನಿಗೆ ಆ ಹೆಸರಿಲ್ಲ, ಗಾಡಿ ಮಾತ್ರ ಓಡುತ್ತಿದೆ. ಈ ಮೂವರಲ್ಲಿ ಫಿಟ್‌ನೆಸ್ ಸಾಬೀತು ಮಾಡಬೇಕಾದದ್ದು ಗಾಡಿ! ಸೇರಿಸಿಕೊಂಡ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ, ಸಾಲದ ನಮೂದು ತೆಗೆಸುವ ಸಹಿ ಬಿದ್ದ ಫಾರಂ 35 ಮೊದಲೇ ತಂದಿಟ್ಟುಕೊಳ್ಳಿ. ನವೀಕರಣದ ಫಾರಂ 25 ಹಾಕಲು ಅವಧಿ ಮುಗಿಯುವ ಮುಂಚಿನ 60 ದಿನವಷ್ಟೇ ಸಿಗುವುದು, ಬ್ಯಾಂಕಿನ ಹಳೇ ಲೆಡ್ಜರು ಹುಡುಕುವುದಕ್ಕೇ ಅದು ಸಾಲದು.

ಇನ್ನು ಚಾಸಿಸ್ ಪ್ರಿಂಟ್, ಅಂದರೆ ಗಾಡಿಯ ಚೌಕಟ್ಟಿನ ಮೇಲಿನ ನಂಬರಿನ ಅಚ್ಚು. ಸ್ಪ್ಲೆಂಡರಿನಲ್ಲಿ ನಂಬರ್ ಇರುವುದು ಹ್ಯಾಂಡಲಿನ ಕುತ್ತಿಗೆಯ ಬಲಬದಿ, ಕೇಬಲ್ ಮತ್ತು ವಯರಿನ ಕಟ್ಟಿನ ಮರೆಯಲ್ಲಿ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎಮರಿ ಪೇಪರು, ಗ್ರೈಂಡರು ಮುಟ್ಟಿಸಬೇಡಿ. ತುಕ್ಕಿನ ಜೊತೆ 8ರ ಒಂದು ಬದಿ ಹೋಗಿ 3 ಆದರೆ ಗಾಡಿ ಕದ್ದದ್ದಲ್ಲ ಎಂದು ಆಣೆ ಇಡಬೇಕಾಗುತ್ತದೆ. ಅಂಕಿಗಳ ಮೇಲೆ ಮೆತ್ತನೆ ಪೆನ್ಸಿಲ್ ಅಡ್ಡಡ್ಡ ಉಜ್ಜಿ, ಸೆಲ್ಲೋಟೇಪ್ ಒತ್ತಿ, ಒಂದೇ ಎಳೆತಕ್ಕೆ ಎತ್ತಿ ಫಾರಮ್ಮಿಗೆ ಅಂಟಿಸಿ. ಆಮೇಲೆ ಆ ಜಾಗಕ್ಕೆ ಚೂರು ಗ್ರೀಸ್. ಉಪಗ್ರಹ ಹಾರಿಸುವ ದೇಶದಲ್ಲಿ ಗಾಡಿಯ ಗುರುತು ಒಂದನೇ ಕ್ಲಾಸಿನ ಮಕ್ಕಳು ನಾಣ್ಯದ ಅಚ್ಚು ತೆಗೆದಂತೆ.

ಹೊಗೆ ಪರೀಕ್ಷೆಗೆ ತಣ್ಣಗಿನ ಎಂಜಿನ್ ಒಯ್ಯಬೇಡಿ. ಐದಾರು ಕಿಲೋಮೀಟರ್ ಓಡಿಸಿ, ಚೋಕ್ ಪೂರ್ತಿ ಬಿಟ್ಟಿದೆಯೇ ನೋಡಿ ಹೋಗಿ. 2000ದ ಏಪ್ರಿಲ್ ನಂತರ ತಯಾರಾದ ಫೋರ್ ಸ್ಟ್ರೋಕಿಗೆ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ. 3.5, ಹೈಡ್ರೋಕಾರ್ಬನ್ 4,500 ಪಿಪಿಎಂ. ಅದಕ್ಕೂ ಹಿಂದಿನವಕ್ಕೆ ಶೇ. 4.5 ಮತ್ತು 9,000. 1996ಕ್ಕೇ ತಯಾರಿ ನಿಂತ ಯಮಾಹಾ ಆರ್‌ಎಕ್ಸ್ 100ರ ಮೇಲೆ ಕಾನೂನಿಗೂ ಅಜ್ಜಿಯ ಪ್ರೀತಿ. ಪ್ಲಗ್ಗಿನ ತುದಿ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ ಎಂದು ಅರ್ಥ. ಹೆಚ್ಚಿನ ಸಲ ತಪ್ಪು ಕಾರ್ಬ್ಯುರೇಟರಿನದಲ್ಲ, ಕಟ್ಟಿಕೊಂಡ ಏರ್ ಫಿಲ್ಟರಿನದು. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಹಿಂಡಿ, ಎಣ್ಣೆ ಸವರಿ ಮತ್ತೆ ಹಿಂಡಿ. ಕಾಗದದ್ದಾದರೆ ಹೊಸದು ಹಾಕಿ. ಇದೆಲ್ಲ ಮಾಡದವರಿಗೂ ದೇವರಿದ್ದಾನೆ. ತುಕ್ಕು ತಿಂದು ತೂತಾದ ಸೈಲೆನ್ಸರಿನಲ್ಲಿ ಹೊರಗಿನ ಗಾಳಿ ಬೆರೆತು ಯಂತ್ರದ ಅಂಕಿ ಇಳಿಯುತ್ತದೆ. ರೋಗ ಹೆಚ್ಚಿದಷ್ಟೂ ರಿಪೋರ್ಟು ಚಂದ.

ಪರೀಕ್ಷೆಯ ಮುನ್ನಾದಿನ ಗ್ಯಾರೇಜಿಗೆ ಹೋಗಿ ನೋಡಿ, ಥೇಟ್ ವೇಷ ಕಟ್ಟುವ ಯಕ್ಷಗಾನದ ಚೌಕಿ. ಅಬ್ಬರದ ಸೈಲೆನ್ಸರ್ ಕಳಚಿ ಸಾಧುಸೈಲೆನ್ಸರ್ ಕಟ್ಟುತ್ತಾರೆ. ಪಕ್ಕದ ಬೈಕಿನ ಕನ್ನಡಿ ಬಿಚ್ಚಿ ಇದಕ್ಕೆ ಹಾಕುತ್ತಾರೆ. ಯಮಾಹಾದ ಬಲಗನ್ನಡಿಗೆ ಉಲ್ಟಾ ಥ್ರೆಡ್, ಗೊತ್ತಿಲ್ಲದೆ ಒತ್ತಿ ತಿರುವಿದವರು ಲಿವರ್ ಹೋಲ್ಡರನ್ನೇ ಹಾಳು ಮಾಡಿಕೊಳ್ಳುತ್ತಾರೆ. ಇಂಡಿಕೇಟರ್ ಒಂದು ಬದಿಗೆ ಮಾತ್ರ ಗಡಿಬಿಡಿಯಲ್ಲಿ ಮಿನುಗಿದರೆ ಆ ಬದಿಯ ಒಂದು ಬಲ್ಬು ಹೋಗಿದೆ ಅಥವಾ ಹೋಲ್ಡರಿಗೆ ಕಿಲುಬು ಹಿಡಿದಿದೆ, ಸ್ಯಾಂಡ್‌ಪೇಪರಿನಲ್ಲಿ ಒಂದುಜ್ಜು ಸಾಕು. ಹಳೇ ಬೈಕುಗಳ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ, ಕಾಯಿಲಿನಿಂದ ನೇರ. ಹಾಗಾಗಿ ನಿಂತಲ್ಲೇ ಎಂಜಿನ್ ಮೆಲ್ಲ ಓಡುವಾಗ ಅದು ಮಿಣುಕುದೀಪ. 'ಲೈಟ್ ಹಾಕಿ' ಅಂದಾಗ ಎಕ್ಸಲೇಟರನ್ನು ಮೆಲ್ಲ ಎತ್ತಿ ಹಿಡಿಯುವುದು ಈ ಪ್ರಸಂಗದ ಮುಖ್ಯ ಅಭಿನಯ.

ಇಷ್ಟರ ನಡುವೆ ಪಾಪದ ಬ್ರೇಕನ್ನು ಕೇಳುವವರಿಲ್ಲ. ಹಿಂದಿನ ಚಕ್ರದ ಡ್ರಮ್ಮಿನ ಪ್ಲೇಟಿನಲ್ಲಿ, ಬ್ರೇಕ್ ಆರ್ಮಿನ ಬುಡದಲ್ಲಿ, ಒಂದು ಸಣ್ಣ ಬಾಣವಿದೆ. ಕೂತು, ಕೆಸರು ಒರೆಸಿ, ಪೆಡಲನ್ನು ಪೂರ್ತಿ ಒತ್ತಿಸಿ ನೋಡಿ. ಬಾಣ ಪ್ಲೇಟಿನ ಗುರುತನ್ನು ಮುಟ್ಟಿದರೆ ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ ಸವೆದು ಮುಗಿದಿದೆ. ಆಮೇಲೆ ನಟ್ಟನ್ನು ಎಷ್ಟು ಬಿಗಿದರೂ ಅದು ಹಳೇ ಪಂಚೆಗೆ ಹೊಸ ಬೆಲ್ಟು. ಹೊಸ ಶೂ ಹಾಕುವಾಗ ಅದನ್ನು ಅಗಲಿಸುವ ಕ್ಯಾಮನ್ನು ಹೊರಗೆಳೆದು ತುಕ್ಕು ತೆಗೆದು, ಬೆರಳ ತುದಿಯಷ್ಟೇ ಗ್ರೀಸ್ ಹಚ್ಚಬೇಕು, ಲೈನಿಂಗಿಗೆ ತಾಗಬಾರದು. ಇದನ್ನು ಬಿಟ್ಟರೆ ನಮ್ಮ ಮಳೆಗೆ ಕ್ಯಾಮು ಹಿಡಿದುಕೊಂಡು ಒತ್ತಿದ ಬ್ರೇಕು ಬಿಡುವುದೇ ಇಲ್ಲ. ಬ್ರೇಕು ಹಿಡಿಯುವ ಮುಂಚಿನ ಪೆಡಲಿನ ಆಟ 20ರಿಂದ 30 ಮಿಲಿಮೀಟರ್ ಇರಲಿ. ಮುಂದಿನ ಬ್ರೇಕಿನ ಕೇಬಲು ಕಡಿಯುವುದು ಲಿವರಿನೊಳಗೆ, ತುದಿಯ ಗುಂಡಿನ (ನಿಪ್ಪಲ್) ಬುಡದಲ್ಲಿ. ಒಂದು ಎಳೆ ಎದ್ದಿದ್ದರೂ ಬದಲಿಸಿ. ನಡುಸ್ಟ್ಯಾಂಡಿಗೆ ಹಾಕಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲ್ ತಿರುಗಿಸಿ. ನಟ್ಟನಡುವೆ 'ಕಟ್' ಎಂದು ಹಿಡಿದರೆ ಹ್ಯಾಂಡಲಿನ ಕುತ್ತಿಗೆಯ ಬೇರಿಂಗು, ಅಂದರೆ ಕೋನ್‌ಸೆಟ್, ಹೋಗಿದೆ. ಇವುಗಳಲ್ಲಿ ಯಾವುದಕ್ಕೂ ಅರ್ಜಿಯಲ್ಲಿ ಕಾಲಂ ಇಲ್ಲ.

ಸಂಜೆ ಅರ್ಜಿ ಪಾಸು. ಗಾಡಿ ಇನ್ನು ಐದು ವರ್ಷ ಫಿಟ್ಟು. ಗ್ಯಾರೇಜಿನಲ್ಲಿ ಸಾಧುಸೈಲೆನ್ಸರ್ ಕಳಚಿ ಗೂಟಕ್ಕೆ ನೇತುಹಾಕುತ್ತಾರೆ, ನಾಳೆ ಇನ್ನೊಬ್ಬರ ವೇಷಕ್ಕೆ ಬೇಕು. ಕನ್ನಡಿಗಳು ಪಕ್ಕದ ಬೈಕಿಗೆ ವಾಪಸ್. ಮಳೆ ಹನಿಯುತ್ತಿದೆ. ಗಾಡಿ ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುತ್ತಿದೆ, ಪೆಡಲಿನ ಮೇಲೆ ಇಡೀ ಕಾಲಿದೆ, ಬಾಣ ಗುರುತನ್ನು ದಾಟಿ ಅತ್ತ ಹೋಗಿದೆ.