ಆಳ ಇಲ್ಲ ಅಂದ್ರೆ ಕಾರ್ಡೂ ಬೇಡ್ವಾ?

ಗೋಪಿ ಸರ್ಕಲ್ ತನಕ ಹೋಗಿ ಬರೋಕೆ ಹೆಲ್ಮೆಟ್ ಯಾಕೆ ಅನ್ನುವವರು ಶಿವಮೊಗ್ಗದಲ್ಲಿ ಮನೆಗೊಬ್ಬರು ಇದ್ದಾರೆ. ನಮ್ಮ ಮನೆಯಲ್ಲಿ ಅದು ನಮ್ಮ ಭಾವ. ಈಗ ಅದೇ ವಾದವನ್ನು ಸಮುದ್ರದ ಕೆಳಗೂ ತಗೊಂಡು ಹೋಗಲು ಹೊರಟಿದ್ದಾರೆ.

ಮನೆಯವರೆಲ್ಲ ಸೇರಿ ಅಂಡಮಾನ್‌ಗೆ ಹೋಗುವುದಿದೆ. ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ, ಅಂದ್ರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದು. ಭಾವ ಅದರ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಿದ್ದಾರೆ, 18 ಮೀಟರ್ ತನಕ ಇಳಿಯಬಹುದು. ನನ್ನ ಹತ್ತಿರ ನೈಟ್ರಾಕ್ಸ್ ಕಾರ್ಡೂ ಇದೆ. ನೈಟ್ರಾಕ್ಸ್ ಅಂದ್ರೆ ಆಕ್ಸಿಜನ್ ಜಾಸ್ತಿ ಇರುವ ಗಾಳಿ. ಮಾಮೂಲಿ ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟ್. ನೈಟ್ರಾಕ್ಸ್ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ 32 ಅಥವಾ 36. ಅದನ್ನು ಬಳಸೋಕೆ ಬೇರೆ ಕೋರ್ಸ್, ಬೇರೆ ಕಾರ್ಡ್.

ಭಾವನ ಐಡಿಯಾ ಕೇಳಿ. "ನಿನ್ನ ಕಾರ್ಡ್ ತೋರಿಸಿ ಎರಡು ಸಿಲಿಂಡರ್ ತಗೋ ಮಾರಾಯ. ಒಂದು ನನಗೆ. ನಾವೇನು ಪಾತಾಳಕ್ಕೆ ಹೋಗ್ತೀವಾ? ಹತ್ತು ಹನ್ನೆರಡು ಮೀಟರ್. ಎಂತದೂ ಆಗಲ್ಲ."

ಅಲ್ಲ ಭಾವ, ಹನ್ನೆರಡು ಮೀಟರ್‌ಗೆ ನೈಟ್ರಾಕ್ಸ್ ಯಾಕೆ ಬೇಕು? ಅದರಲ್ಲಿ ನೈಟ್ರೋಜನ್ ಕಡಿಮೆ, ಮೈಯೊಳಗೆ ನಿಧಾನವಾಗಿ ಸೇರುತ್ತದೆ (ಜಾಸ್ತಿ ಸೇರಿದರೆ ಮೇಲೆ ಬರುವಾಗ ಅಪಾಯ), ಹಾಗಾಗಿ ಕೆಳಗೆ ಜಾಸ್ತಿ ಹೊತ್ತು ಇರಬಹುದು. ಲಾಭ ಅಷ್ಟೇ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ, ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಟೇಬಲ್‌ನಲ್ಲಿ 18 ಮೀಟರ್‌ಗೆ ಮಾಮೂಲಿ ಗಾಳಿಯಲ್ಲಿ 56 ನಿಮಿಷ ಇದೆ. ಅಲ್ಲಿ ನೈಟ್ರಾಕ್ಸ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. 12 ಮೀಟರ್‌ನಲ್ಲಿ ಮಾಮೂಲಿ ಗಾಳಿಗೇ 147 ನಿಮಿಷ. ಭಾವನ ಸಿಲಿಂಡರ್ ಮುಕ್ಕಾಲು ಗಂಟೆಯೂ ಬರಲ್ಲ, ಅವರು ಉಸಿರೆಳೆಯುವ ರಭಸ ಹಾಗಿದೆ. ಆಕ್ಸಿಜನ್ ಜಾಸ್ತಿ ಇದ್ದರೆ ಸಿಲಿಂಡರ್ ಜಾಸ್ತಿ ಹೊತ್ತು ಬರುತ್ತದೆ ಅಂತ ಬೇರೆ ಅಂದುಕೊಂಡಿದ್ದಾರೆ. ಬರಲ್ಲ. ಒಂದು ಉಸಿರಿಗೆ ಖರ್ಚಾಗುವುದು ಅಷ್ಟೇ.

ನಾನು ಸುಮ್ನೆ ಹೆದರಿಸುತ್ತಿಲ್ಲ. ನಿಜವಾಗಿ 32 ಇರುವ ಸಿಲಿಂಡರ್ ಹಾಕಿಕೊಂಡು 12 ಮೀಟರ್ ಇಳಿದರೆ ಆಕ್ಸಿಜನ್ ಒತ್ತಡ ಸುಮಾರು 0.7 ಬಾರ್. ಮಿತಿ 1.4. ಆ ಲೆಕ್ಕ ಒಪ್ಪಿದೆ. ಆದರೆ ಒಳಗೆ 32 ಇದೆ ಅಂತ ಹೇಳಿದ್ದು ಯಾರು? ಸಿಲಿಂಡರ್ ಮೇಲಿರುವ ಸ್ಟಿಕ್ಕರಾ? ಕೋರ್ಸ್‌ನಲ್ಲಿ ತಲೆಗೆ ತುಂಬುವುದೇ ಇದನ್ನು. ಉಸಿರಾಡುವವನೇ ಅನಲೈಸರ್ ಹಿಡಿದು ಅಳೆಯಬೇಕು. ಬಂದ ಅಂಕಿ ಬರೆದು ಸಿಲಿಂಡರ್‌ಗೆ ಅಂಟಿಸಬೇಕು. ಎಷ್ಟು ಆಳದ ತನಕ ಹೋಗಬಹುದು ಅಂತ ಲೆಕ್ಕ ಹಾಕಬೇಕು. ಕೈಯಲ್ಲಿರುವ ಡೈವ್ ಕಂಪ್ಯೂಟರ್‌ಗೂ ಅದೇ ಅಂಕಿ ಕೊಡಬೇಕು. 32 ಇದ್ದರೆ ಸುಮಾರು 34 ಮೀಟರ್, 36 ಇದ್ದರೆ 29, 50 ಇದ್ದರೆ 18ಕ್ಕೇ ಮುಗಿಯಿತು. ಬರೀ ಆಕ್ಸಿಜನ್ ತುಂಬಿದ ಸಿಲಿಂಡರ್ ಅಕಸ್ಮಾತ್ ಕೈಗೆ ಬಂದರೆ 4 ಮೀಟರ್ ದಾಟುವ ಹಾಗಿಲ್ಲ. ಆಗ ಭಾವನ ಹನ್ನೆರಡು ಮೀಟರೇ ಪಾತಾಳ.

ಮಿತಿ ಮೀರಿದರೆ ಬರಬಹುದಾದದ್ದು ಬರೀ ತಲೆಸುತ್ತು ಅಲ್ಲ, ಫಿಟ್ಸ್. ಎಷ್ಟೋ ಸಲ ಮುಂಚೆ ಒಂದು ಸೂಚನೆಯೂ ಇರಲ್ಲ. ಉಸಿರಾಡೋಕೆ ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್ ಬಿದ್ದುಹೋಗುತ್ತದೆ. ನೆಲದ ಮೇಲಾದರೆ ಯಾರಾದರೂ ಹಿಡಿದುಕೊಳ್ಳುತ್ತಾರೆ. ನೀರಿನಲ್ಲಿ ಮುಂದಿನ ಉಸಿರೇ ನೀರು.

ಅಲ್ಲದೆ ಸಿಲಿಂಡರ್ ಕೊಡುವವರ ರಿಜಿಸ್ಟರ್‌ನಲ್ಲಿ ಸಹಿ ಹಾಕುವುದು ನಾನು. "ಈ ಸಿಲಿಂಡರ್ ನಾನೇ ಅಳೆದಿದ್ದೇನೆ, ನಾನೇ ಉಸಿರಾಡುತ್ತೇನೆ" ಅಂತ ಸುಳ್ಳು ಬರೆದು ಅಕ್ಕನ ಗಂಡನ ಬೆನ್ನಿಗೆ ಕಟ್ಟಬೇಕು! ಇದನ್ನೇ ಅಕ್ಕನಿಗೆ ಹೇಳಿದರೆ, "ಅವರಿಗೂ ಒಂದು ಕೊಡ್ಸೋಕೆ ನಿಂಗೆ ಏನು ಭಾರ? ಕಾರ್ಡ್ ಸವೆದು ಹೋಗುತ್ತಾ?" ಅಂತ ನನಗೇ ಬೈಗುಳ.

ಭಾವನದು ಇನ್ನೊಂದು ಇದೆ. ನೈಟ್ರಾಕ್ಸ್ ಹಾಕಿದರೆ ಅವತ್ತು ಸಂಜೆಯೇ ಫ್ಲೈಟ್ ಹತ್ತಬಹುದಂತೆ. ಯಾರು ಹೇಳಿದರೋ. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದರೆ 18 ಗಂಟೆಯಾದರೂ ಕಾಯಬೇಕು, ನೈಟ್ರಾಕ್ಸ್ ಆದರೂ ಅಷ್ಟೇ. ಇವರು ಆಗಲೇ ಟಿಕೆಟ್ ನೋಡುತ್ತಿದ್ದಾರೆ.

ಸಾಲದ್ದಕ್ಕೆ ಬಂದ ಮೇಲಿನ ಪ್ಲಾನೂ ರೆಡಿ. ಎಲ್ಲಿಂದಾದರೂ ಒಂದು ಸಿಲಿಂಡರ್ ತಂದು ಲಿಂಗನಮಕ್ಕಿ ಹಿನ್ನೀರಿಗೆ ಇಳಿಯುವುದು, ಮುಳುಗಿರುವ ಮಡೆನೂರು ಡ್ಯಾಮ್ ನೋಡುವುದು. ನೀರು ಕಮ್ಮಿಯಾದ ವರ್ಷ ಆ ಡ್ಯಾಮ್ ತಾನಾಗಿಯೇ ಮೇಲೆ ಕಾಣುತ್ತದೆ, ದಡದಲ್ಲಿ ನಿಂತು ನೋಡಿದರೆ ಸಾಕು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ ಮೇಲೆ. ಸಾವಿರ ಅಡಿ ದಾಟಿದರೆ ಸಮುದ್ರದ ಟೇಬಲ್ ಹಾಗೇ ಬಳಸುವ ಹಾಗಿಲ್ಲ. ಅದಕ್ಕೆ ಲೆಕ್ಕವೇ ಬೇರೆ. ಇದನ್ನು ಹೇಳಿದ್ದಕ್ಕೆ ಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ ನನಗೆ "ಇನ್ಸ್‌ಪೆಕ್ಟರ್" ಅಂತ ಹೆಸರು ಬಿದ್ದಿದೆ. ಕೆಳಗೆ ಚಿಕ್ಕಪ್ಪಂದಿರ ನಗುವ ಎಮೋಜಿ ಸಾಲು.

ಕೋರ್ಸ್ ದೊಡ್ಡದೇನಲ್ಲ, ಒಂದು ದಿನದಲ್ಲಿ ಮುಗಿಯುವಂಥದ್ದು. ಫೀಸ್ ನಾನೇ ಕೊಡುತ್ತೇನೆ ಅಂದೆ. "ಸುಮ್ನೆ ಒಂದು ದಿನ ವೇಸ್ಟ್, ಎಲ್ಲ ದುಡ್ಡು ಮಾಡೋ ದಾರಿ" ಅಂದರು. ಸರಿ, ಮಾಮೂಲಿ ಗಾಳಿಯಲ್ಲೇ ಇಳಿಯಲಿ, ಆ ಆಳಕ್ಕೆ ಅದು ಧಾರಾಳ ಆಯ್ತು. ಕಾರ್ಡ್ ಅಂತೂ ಕೊಡಲ್ಲ. ಅಕ್ಕ ಬೇಕಾದರೆ ಅಮ್ಮನ ಕೈಲೂ ಫೋನ್ ಮಾಡಿಸಲಿ.