ಕಾರ್ಕ್ ಊರಿನ ಮೈಕ್ರೋಡಿಸ್ನಿಯನ್ನೂ ಕೇಳಿ

ಮರೆತುಹೋದ ಬ್ರಿಟಿಷ್, ಐರಿಷ್ ಇಂಡೀ ಪಾಪ್ (ದೊಡ್ಡ ರೆಕಾರ್ಡ್ ಕಂಪನಿಗಳ ಹೊರಗೆ ಬೆಳೆದ ಪಾಪ್ ಸಂಗೀತ) ಬ್ಯಾಂಡ್‌ಗಳನ್ನು ಮತ್ತೆ ಕೇಳಿ ಎಂದು ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಆದರೆ ಮೈಕ್ರೋಡಿಸ್ನಿ ಹೆಸರೇ ಇಲ್ಲವಲ್ಲ! 1980ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಶುರುವಾದ ಬ್ಯಾಂಡ್ ಅದು. ಶಾನ್ ಓ’ಹೇಗನ್ ಅವರ ಗಿಟಾರ್ ಬೆಣ್ಣೆಯಷ್ಟು ನುಣುಪು. ಅದರ ಮೇಲೆ ಕಾಹಲ್ ಕಾಕ್ಲನ್ ಹಾಡುವ ಮಾತುಗಳಲ್ಲಿ ಸಿಟ್ಟು ಕುದಿಯುತ್ತಿರುತ್ತದೆ. ಕೆಲಸ ಮಾಡುತ್ತಾ ಸುಮ್ನೆ ಹಾಕಿಕೊಂಡರೆ ಇದು ಗೊತ್ತೇ ಆಗುವುದಿಲ್ಲ. ಹೆಡ್‌ಫೋನ್ ಹಾಕಿ, ಕೂತು ಕೇಳಬೇಕು. 1985ರ ‘ದ ಕ್ಲಾಕ್ ಕಮ್ಸ್ ಡೌನ್ ದ ಸ್ಟೇರ್ಸ್’ ಆಲ್ಬಮ್‌ನಿಂದ ಶುರು ಮಾಡಿ.

1988ರಲ್ಲಿ ಬ್ಯಾಂಡ್ ಒಡೆಯಿತು. 30 ವರ್ಷದ ನಂತರ, 2018ರಲ್ಲಿ, ಡಬ್ಲಿನ್‌ನಲ್ಲಿ ಮತ್ತೆ ಸೇರಿ ಇದೇ ಆಲ್ಬಮ್ ನುಡಿಸಿದರು. ಕಾಕ್ಲನ್ 2022ರಲ್ಲಿ ತೀರಿಕೊಂಡರು. ಆ ದನಿ ಇನ್ನೂ ಎಷ್ಟೋ ಜನರನ್ನು ಮುಟ್ಟಬೇಕಿತ್ತು, ಅಲ್ವಾ? ಓ’ಹೇಗನ್ ಆಮೇಲೆ ಕಟ್ಟಿದ ಹೈ ಲಾಮಾಸ್ ಬ್ಯಾಂಡನ್ನೂ ಬಿಡಬೇಡಿ.